ಡಾಲ್ಫಿನ್ನಿನ ಕಿವಿಯೂ ಶಹಾಪುರದ ಬೆಟ್ಟವೂ

ಶಹಾಪುರದ ಬಳಿಯ ಬೆಟ್ಟಸಾಲನ್ನು ದೂರದಿಂದ ನೋಡಿದವರಿಗೆ ಅದು ಬುದ್ಧದೇವನು ಅಂಗಾತನಾಗಿ ಮಲಗಿರುವಂತೆ ತೋರುವುದು. ಆ ಸೀಮೆಯ ಜನ ಅದನ್ನು ಬುದ್ಧ ಮಲಗಿದ ಬೆಟ್ಟವೆಂದೇ ಕರೆಯುವರು. ಅಲ್ಲಿಯ ಬಂಡೆಗಳೆದುರು ನಿಂತು ಹೆಸರು ಹಿಡಿದು ಕೂಗದ ಹುಡುಗರು ವಿರಳ. ಕೂಗಿದ ಹೆಸರು ಬಂಡೆಗೆ ತಾಗಿ ಮರಳಿ ಬರುವುದು. ಹುಡುಗರು ನಕ್ಕು ಮತ್ತೊಮ್ಮೆ ಕೂಗುವರು. ಅದೇ ಹುಡುಗರು ಮನೆಗೆ ಬಂದು ದೀಪದ ಮುಂದೆ ಕುಳಿತು, "ಪ್ರತಿಧ್ವನಿಯು ಕೇಳಿಸಬೇಕಾದರೆ ತಡೆಯು ಕನಿಷ್ಠ 17 ಮೀಟರು ದೂರದಲ್ಲಿರಬೇಕು" ಎಂಬ ವಾಕ್ಯವನ್ನು ಹತ್ತು ಬಾರಿ ಓದಿ ಬಾಯಿಪಾಠ ಮಾಡುವರು. ಬೆಟ್ಟದ ಕೂಗು ಆಟವಾಗಿಯೂ ಪುಸ್ತಕದ ಪ್ರತಿಧ್ವನಿ ಪಾಠವಾಗಿಯೂ ಉಳಿದು, ಎರಡೂ ಒಂದೇ ಎಂಬ ಅರಿವು ಮೂಡದೆ ಹೋಗುವುದು.

ಅದೇ ಪಾಠದ ಕೊನೆಯಲ್ಲಿ ಡಾಲ್ಫಿನ್ ಎಂಬ ಜಲಚರದ ಹೆಸರು ಬರುವುದುಂಟು. ಅದು ಶ್ರವಣಾತೀತ ಶಬ್ದವನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ತನ್ನ ಸುತ್ತಣ ವಸ್ತುಗಳನ್ನು ಅರಿಯುವುದೆಂದು ಒಂದು ವಾಕ್ಯವಿರುವುದು. ಕೃಷ್ಣೆಯಲ್ಲಿಯೂ ಭೀಮೆಯಲ್ಲಿಯೂ ಡಾಲ್ಫಿನ್ ಇಲ್ಲ. ಕರ್ನಾಟಕದಲ್ಲಿ ಅದನ್ನು ಕಾಣಬೇಕಾದರೆ ಕಾರವಾರದ ಕಡಲಿಗೆ ಹೋಗಬೇಕು. ಆದುದರಿಂದ ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿಯು ಇದು ಕಡಲತಡಿಯವರ ವಿಷಯ, ದೊಡ್ಡ ಪ್ರಯೋಗಶಾಲೆಗಳವರ ವಿಷಯ, ತನ್ನದಲ್ಲವೆಂದು ಹಾಳೆ ಮಗುಚಿದರೆ ಆಶ್ಚರ್ಯವಿಲ್ಲ. ಆದರೆ ಅದು ತಪ್ಪೆಂಬುದು ನಮ್ಮ ಅಭಿಪ್ರಾಯ. ಡಾಲ್ಫಿನ್ನಿನ ವಿದ್ಯೆಯನ್ನು ತಿಳಿಯಲು ಬೇಕಾದುದು ಕಡಲಲ್ಲ. ಒಂದು ಬಂಡೆ, ಎರಡು ಮರದ ತುಂಡು, ಒಂದು ಗಡಿಯಾರ. ಇವು ಮೂರೂ ನಮ್ಮ ಸೀಮೆಯಲ್ಲಿ ಇವೆ.

ಈ ಮಾತನ್ನು ಈಗ ಆಡುವುದಕ್ಕೆ ಕಾರಣವುಂಟು. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕಡಲತಡಿಯ ಉಡುಪಿ ಜಿಲ್ಲೆಯು ಶೇಕಡ 94ರಷ್ಟು ಉತ್ತೀರ್ಣರೊಡನೆ ರಾಜ್ಯಕ್ಕೆ ಮೊದಲನೆಯದಾಯಿತು. ಯಾದಗಿರಿ ಜಿಲ್ಲೆಯು ಶೇಕಡ 50.59ರೊಡನೆ ಕೊನೆಯದಾಯಿತು. ಪರೀಕ್ಷೆಗೆ ಕುಳಿತವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಕ್ಕಳು ತೇರ್ಗಡೆಯಾಗಲಿಲ್ಲವೆಂದ ಮೇಲೆ ಅದು ಮಕ್ಕಳ ಬುದ್ಧಿಯ ದೋಷವೆಂದು ಯಾರೂ ಹೇಳಲಾರರು. ಬಡತನ, ಶಿಕ್ಷಕರ ಕೊರತೆ, ದುಡಿಮೆಗಾಗಿ ಊರು ಬಿಡುವ ಕುಟುಂಬಗಳು ಮೊದಲಾದ ಕಾರಣಗಳು ಹಲವು. ಅವುಗಳ ವಿಚಾರ ಬಲ್ಲವರು ಮಾಡಲಿ. ನಾವು ಹೇಳಬಯಸುವುದು ಒಂದೇ ಕಾರಣವನ್ನು ಕುರಿತು: ಭೌತಶಾಸ್ತ್ರವೆಂದರೆ ಬೇರೆಲ್ಲಿಯೋ ನಡೆಯುವ ಕೆಲಸ, ತಾವು ಅದನ್ನು ಬಾಯಿಪಾಠ ಮಾಡಬೇಕಾದವರು ಮಾತ್ರ ಎಂಬ ಭಾವನೆ. ಈ ಭಾವನೆಯನ್ನು ಕಳೆಯಲು ಹಣ ಬೇಕಿಲ್ಲ, ಒಂದು ಸಂಜೆ ಸಾಕು.

ಆ ಸಂಜೆಯ ಕೆಲಸ ಹೀಗಿರಲಿ. ನೆಟ್ಟಗೆ ನಿಂತ ಬಂಡೆಯ ಮುಖವೊಂದನ್ನಾಗಲಿ, ಬಯಲಿಗೆ ಮುಖಮಾಡಿದ ಉದ್ದ ಗೋಡೆಯೊಂದನ್ನಾಗಲಿ ವಿದ್ಯಾರ್ಥಿಗಳು ಆರಿಸಿಕೊಳ್ಳಲಿ. ಬೆಟ್ಟ ದೂರವಿರುವ ಊರುಗಳಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲಿನ ಗೋಡೆಯಾದರೂ ಆದೀತು. ಅಲ್ಲಿಂದ ಹಗ್ಗದಿಂದ 85 ಮೀಟರು ಅಳೆದು ಗುರುತಿಗೆ ಒಂದು ಕಲ್ಲು ನೆಡಲಿ. ಒಬ್ಬನು ಅಲ್ಲಿ ನಿಂತು ಎರಡು ಮರದ ತುಂಡುಗಳನ್ನು ಒಂದಕ್ಕೊಂದು ಬಡಿಯಲಿ. ಮೊದಲು ಪ್ರತಿಧ್ವನಿಯನ್ನು ಚೆನ್ನಾಗಿ ಕೇಳಿಕೊಂಡು, ಅನಂತರ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಟ್ಟನಡುವೆ ಪ್ರತಿಧ್ವನಿ ಬೀಳುವಂತೆ ತಾಳ ಹಿಡಿಯಲಿ. ಭಜನೆಯಲ್ಲಿ ತಾಳ ಹಾಕಿದವರಿಗೆ ಇದು ಕಷ್ಟವಲ್ಲ. ತಾಳ ನೆಲೆಗೊಂಡ ಮೇಲೆ ಇನ್ನೊಬ್ಬನು ಒಂದು ಬಡಿತವನ್ನು ಸೊನ್ನೆಯೆಂದು ಎಣಿಸಿ, ಐವತ್ತನೆಯ ಬಡಿತದವರೆಗೆ ಹಿಡಿದ ಕಾಲವನ್ನು ಗಡಿಯಾರದಿಂದಲೋ ಮೊಬೈಲಿನಿಂದಲೋ ಅಳೆಯಲಿ.

ಲೆಕ್ಕ ಸುಲಭ. ಶಬ್ದವು ಬಂಡೆಗೆ ಹೋಗಿ ಬರಲು 170 ಮೀಟರು ಸಾಗಬೇಕು. ಪ್ರತಿಧ್ವನಿ ಬರುವುದು ಎರಡು ಬಡಿತಗಳ ನಡುವಿನ ಕಾಲದ ಅರ್ಧದಲ್ಲಿಯಾದುದರಿಂದ, ಆ ಪೂರ್ಣ ಕಾಲದಲ್ಲಿ ಶಬ್ದವು 340 ಮೀಟರು ಸಾಗಬಲ್ಲದು. ಐವತ್ತು ಅಂತರಗಳಲ್ಲಿ 17,000 ಮೀಟರು. ಇದನ್ನು ಗಡಿಯಾರ ತೋರಿದ ಸೆಕೆಂಡುಗಳಿಂದ ಭಾಗಿಸಿದರೆ ಶಬ್ದದ ವೇಗ ದೊರೆಯುವುದು. ಗಾಳಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಇರುವ ಚಳಿಗಾಲದ ಮುಂಜಾವಿನಲ್ಲಿ ಗಡಿಯಾರವು 50 ಸೆಕೆಂಡು ತೋರುವುದು. ವೇಗ 340 ಮೀಟರು. ಆದರೆ ಶಬ್ದದ ವೇಗವು ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರಿನಂತೆ ಏರುವುದು. ಆದ್ದರಿಂದ ಗಾಳಿ 40 ಡಿಗ್ರಿಗೆ ಕಾದಿರುವ ವೈಶಾಖದ ಸಂಜೆಯಲ್ಲಿ ವೇಗವು 355 ಮೀಟರಾಗಿ, ಅದೇ ಐವತ್ತು ಅಂತರಗಳು 48 ಸೆಕೆಂಡಿಗಿಂತ ತುಸು ಮೊದಲೇ ಮುಗಿಯುವುವು.

ಅಂದರೆ ಪುಸ್ತಕದಲ್ಲಿ ಅಚ್ಚಾದ ಒಂದೇ ಸಂಖ್ಯೆಯು ಯಾದಗಿರಿಯ ಬೇಸಿಗೆಗೂ ಚಳಿಗಾಲಕ್ಕೂ ಒಟ್ಟಿಗೆ ಹೊಂದದು. ಇದನ್ನು ತನ್ನ ಕೈಯಿಂದಲೇ ಕಂಡುಕೊಂಡ ವಿದ್ಯಾರ್ಥಿಗೆ ಆಗುವ ಲಾಭವನ್ನು ಅಂಕಗಳಿಂದ ಅಳೆಯಲಾಗದು. ಹಗ್ಗದ ಅಳತೆಯಲ್ಲಿ ಒಂದು ಮೀಟರು ತಪ್ಪಿದರೆ ಉತ್ತರದಲ್ಲಿ ನಾಲ್ಕು ಮೀಟರು ತಪ್ಪುವುದೆಂಬುದೂ ಅವನಿಗೆ ತಿಳಿಯುವುದು. ಆದರೂ ಅದೇ ಗುರುತಿನ ಕಲ್ಲಿನ ಬಳಿ ಎರಡು ಋತುಗಳಲ್ಲಿ ಅಳೆದರೆ, ದೂರ ತುಸು ತಪ್ಪಾಗಿದ್ದರೂ, ಬೇಸಿಗೆಯಲ್ಲಿ ಶಬ್ದ ವೇಗವಾಯಿತೆಂಬ ನಿರ್ಣಯ ಕೆಡುವುದಿಲ್ಲವೆಂಬುದು ಅದಕ್ಕಿಂತ ದೊಡ್ಡ ಪಾಠ.

ಇಷ್ಟಾದ ಮೇಲೆ ಡಾಲ್ಫಿನ್ನಿನ ಕಡೆಗೆ ತಿರುಗೋಣ. ಅದು ಮಾಡುವುದೂ ಇದೇ ಕೆಲಸ. ನೆತ್ತಿಯ ಉಸಿರುರಂಧ್ರದ ಕೆಳಗೆ, ಮೂಗಿನ ದಾರಿಯಲ್ಲಿ ತುಟಿಗಳಂತಿರುವ ಅಂಗಗಳುಂಟು. ಗಾಳಿಯನ್ನು ಅವುಗಳ ನಡುವೆ ನುಗ್ಗಿಸಿ ಅದು ಚಿಟಿಕೆ ಹೊಡೆದಂತಹ ಸದ್ದನ್ನು ಹೊರಡಿಸುವುದು. ಸದ್ದು ವಸ್ತುವಿಗೆ ತಾಗಿ ಮರಳಿ ಬರುವವರೆಗೆ ಕಾದು, ಅನಂತರ ಮುಂದಿನ ಚಿಟಿಕೆ ಹೊಡೆಯುವುದು. ಮರದ ತುಂಡು ಹಿಡಿದ ವಿದ್ಯಾರ್ಥಿಯು ತನ್ನ ತಾಳವನ್ನು ಪ್ರತಿಧ್ವನಿಗೆ ಹೊಂದಿಸಿಕೊಂಡಂತೆಯೇ ಇದೂ ಹೊಂದಿಸಿಕೊಳ್ಳುವುದು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಮಿಗಿಲು. 15 ಮೀಟರು ದೂರದ ಮೀನಿನಿಂದ ಪ್ರತಿಧ್ವನಿ ಬರಲು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಮೀನು ಒಂದೂವರೆ ಮೀಟರಿಗೆ ಸಮೀಪಿಸಿದಾಗ ಅದರ ಹತ್ತನೆಯ ಒಂದು ಭಾಗ. ಆದುದರಿಂದ ಬೇಟೆ ಹತ್ತಿರವಾದಂತೆ ಚಿಟಿಕೆಗಳ ತಾಳವು ತೀವ್ರವಾಗುತ್ತ, ಕೊನೆಗೆ ಸೆಕೆಂಡಿಗೆ ನೂರಾರಾಗಿ, ದುಂಬಿಯ ಮೊರೆತದಂತೆ ಒಂದಾಗಿಬಿಡುವುದು.

ಆದರೆ ದೂರವನ್ನು ತಿಳಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಎದುರಿಗಿರುವುದು ಕಲ್ಲೋ ಮೀನೋ ಎಂಬುದು ತಿಳಿಯಬೇಕು. ಇಲ್ಲಿ ತರಂಗದೂರದ ವಿಚಾರ ಬರುವುದು. ತರಂಗಕ್ಕಿಂತ ಬಹು ಚಿಕ್ಕದಾದ ವಸ್ತುವನ್ನು ತರಂಗವು ಬಳಸಿಕೊಂಡು ಮುಂದೆ ಸಾಗುವುದು. ತರಂಗಕ್ಕಿಂತ ದೊಡ್ಡ ವಸ್ತುವಿನಿಂದ ಚೆನ್ನಾಗಿ ಪ್ರತಿಫಲಿಸುವುದು. ಕೆರೆಯ ಅಲೆಯು ನೀರಿನಲ್ಲಿ ನಿಂತ ಜೊಂಡಿನ ಕಡ್ಡಿಯನ್ನು ಗಮನಿಸದೆ ಹೋಗಿ ಏರಿಯ ಕಲ್ಲಿಗೆ ಬಡಿದು ಮರಳುವುದನ್ನು ಎಲ್ಲರೂ ಕಂಡಿದ್ದೇವೆ. ಸೆಕೆಂಡಿಗೆ 1,000 ಕಂಪನಗಳ ಸದ್ದೊಂದನ್ನು ನೀರಿನಲ್ಲಿ ಹೊರಡಿಸಿದರೆ ಅದರ ತರಂಗದೂರ 1,500ನ್ನು 1,000ದಿಂದ ಭಾಗಿಸಿದಷ್ಟು, ಅಂದರೆ ಒಂದೂವರೆ ಮೀಟರು. ಅದರಿಂದ ಗೇಣುದ್ದದ ಮೀನನ್ನು ಗುರುತಿಸಲಾಗದು. ಕಡಲ ಡಾಲ್ಫಿನ್ನಿನ ಚಿಟಿಕೆಯಾದರೋ ಸೆಕೆಂಡಿಗೆ ಸುಮಾರು 1,20,000 ಕಂಪನಗಳದು. ತರಂಗದೂರ ಒಂದೂಕಾಲು ಸೆಂಟಿಮೀಟರು ಮಾತ್ರ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳಾಚೆಗೆ ಕೇಳಲಾರದು. ಆ ಸದ್ದು ಶ್ರವಣಾತೀತವಾಗಿರುವುದು ನಮ್ಮಿಂದ ಮರೆಮಾಡಲಿಕ್ಕಲ್ಲ. ಚಿಕ್ಕ ವಸ್ತುವನ್ನು ಕಾಣಲು ಚಿಕ್ಕ ತರಂಗವೇ ಬೇಕಾದುದರಿಂದ.

ಚಿಕ್ಕ ತರಂಗದಿಂದ ಇನ್ನೊಂದು ಪ್ರಯೋಜನವೂ ಉಂಟು. ಹೊರಡುವ ಸ್ಥಾನದ ಅಗಲಕ್ಕಿಂತ ತರಂಗದೂರವು ಬಹಳ ಕಡಮೆಯಾದಾಗ ಶಬ್ದವು ಎಲ್ಲ ಕಡೆಗೂ ಹರಡದೆ, ಬ್ಯಾಟರಿಯ ಬೆಳಕಿನಂತೆ ಒಂದೇ ದಿಕ್ಕಿಗೆ ಸಾಗುವುದು. ಡಾಲ್ಫಿನ್ನಿನ ಹಣೆಯಲ್ಲಿ ಉಬ್ಬಿಕೊಂಡಿರುವ ಕೊಬ್ಬಿನ ಗೆಡ್ಡೆಯು, ಕನ್ನಡಕದ ಗಾಜು ಬೆಳಕನ್ನು ಬಾಗಿಸುವಂತೆ, ಶಬ್ದವನ್ನು ಬಾಗಿಸಿ ಕಿರಿದಾದ ಕೋಲಿನಂತೆ ಮುಂದಕ್ಕೆ ಕಳುಹಿಸುವುದು. ಮರಳಿ ಬಂದ ಸದ್ದನ್ನು ಅದು ಕೇಳುವುದು ಹೊರಗಿವಿಯಿಂದಲ್ಲ. ಕೆಳದವಡೆಯ ಎಲುಬಿನೊಳಗಿರುವ ಕೊಬ್ಬು ಆ ಸದ್ದನ್ನು ಒಳಗಿವಿಗೆ ಒಯ್ಯುವುದು.

ಇನ್ನು ವಸ್ತುವಿನ ಗುಣದ ಮಾತು. ನಮ್ಮ ಸಂತೆಗಳಲ್ಲಿ ಮಡಕೆ ಕೊಳ್ಳುವ ಹೆಂಗಸರು ಅದನ್ನು ಬೆರಳಿನಿಂದ ತಟ್ಟಿ ನೋಡುವರು. ಗಟ್ಟಿ ಮಡಕೆಯ ನಾದ ಬೇರೆ, ಬಿರುಕು ಬಿಟ್ಟುದರ ನಾದ ಬೇರೆ. ಡಾಲ್ಫಿನ್ ತನ್ನ ಚಿಟಿಕೆಯಿಂದ ವಸ್ತುವನ್ನು ದೂರದಿಂದಲೇ ತಟ್ಟಿ ನೋಡುವುದೆನ್ನಬಹುದು. ಮೇಲ್ಮೈಯಿಂದ ಒಂದು ಪ್ರತಿಧ್ವನಿ, ಒಳಹೊಕ್ಕು ಹಿಂಬದಿಯ ಗೋಡೆಯಿಂದ ಇನ್ನೊಂದು, ಹೀಗೆ ಹಲವು ಪ್ರತಿಧ್ವನಿಗಳು ಕೂಡಿಬರುವುವು. ಅವುಗಳ ನಡುವಿನ ಸೂಕ್ಷ್ಮ ಅಂತರದಲ್ಲಿ ವಸ್ತುವಿನ ದಪ್ಪವೂ ಪದಾರ್ಥವೂ ಅಡಗಿರುವುವು. ಹವಾಯಿ ದ್ವೀಪದಲ್ಲಿ ವಿಜ್ಞಾನಿ ವಿಟ್ಲೋ ಔ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ತರಬೇತಾದ ಡಾಲ್ಫಿನ್ 7.62 ಸೆಂಟಿಮೀಟರು ವ್ಯಾಸದ ಉಕ್ಕಿನ ಗೋಳವನ್ನು 113 ಮೀಟರು ದೂರದಿಂದ ಕಂಡುಹಿಡಿಯಿತು. ಲೋಹದ ಎರಡು ಕೊಳವೆಗಳ ಗೋಡೆಗಳ ದಪ್ಪದಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಕಡಮೆ ವ್ಯತ್ಯಾಸವಿದ್ದರೂ ಅದನ್ನು ಗುರುತಿಸಿತು.

ಮೀನಿನ ಮೈ ಬಹುಪಾಲು ನೀರೇ. ಹಾಗಿರುವಾಗ ನೀರಿನಲ್ಲಿ ಅದು ಶಬ್ದಕ್ಕೆ ತೋರುವುದು ಹೇಗೆ? ಎರಡು ವಸ್ತುಗಳ ಗಡಿಯಲ್ಲಿ ಶಬ್ದವು ಎಷ್ಟು ಪ್ರತಿಫಲಿಸುವುದೆಂಬುದು ಅವುಗಳ ಸಾಂದ್ರತೆಯನ್ನು ಅವುಗಳಲ್ಲಿಯ ಶಬ್ದವೇಗದಿಂದ ಗುಣಿಸಿ ಬರುವ ಸಂಖ್ಯೆಯನ್ನು ಅವಲಂಬಿಸುವುದು. ಆ ಸಂಖ್ಯೆ ಮೆಟ್ರಿಕ್ ಮಾನದಲ್ಲಿ ನೀರಿಗೆ ಸುಮಾರು 15,00,000. ಗಾಳಿಗೆ ಸುಮಾರು 400. ಮಾಂಸಕ್ಕೂ ನೀರಿಗೂ ಅಂತರ ಅಲ್ಪ. ನೀರಿಗೂ ಗಾಳಿಗೂ ಅಂತರ ಅಗಾಧ. ಅನೇಕ ಮೀನುಗಳ ಒಡಲಲ್ಲಿ ತೇಲಲು ನೆರವಾಗುವ ಗಾಳಿಚೀಲವೊಂದುಂಟು. ಡಾಲ್ಫಿನ್ನಿನ ಕಿವಿಗೆ ಮೀನಿನ ಮೈ ಮಬ್ಬಾದರೂ ಆ ಚೀಲವು ಕತ್ತಲೆಯಲ್ಲಿ ಹಚ್ಚಿಟ್ಟ ಹಣತೆಯಂತೆ ತೋರುವುದು.

ಕಣ್ಣಿದ್ದೂ ಈ ಪ್ರಾಣಿಗೆ ಇಷ್ಟೆಲ್ಲ ಏಕೆ ಬೇಕಾಯಿತೆಂದು ಕೇಳುವವರು ಮಳೆಗಾಲದಲ್ಲಿ ಯಾದಗಿರಿಯ ಸೇತುವೆಯ ಮೇಲೆ ನಿಂತು ಭೀಮೆಯನ್ನು ನೋಡಲಿ. ಹೊಳೆ ತುಂಬಿ ಹರಿಯುವಾಗ ಆ ಕೆಸರುನೀರಿನಲ್ಲಿ ಮುಳುಗಿಸಿದ ಕೈಯೇ ಕಾಣದು. ಬೆಳಕಿನ ತರಂಗವು ಮಣ್ಣಿನ ಕಣಕ್ಕಿಂತ ಚಿಕ್ಕದು. ಕಣಕಣಕ್ಕೂ ತಾಗಿ ಚದುರಿಹೋಗುವುದು. ಸೆಂಟಿಮೀಟರಿನ ಗಾತ್ರದ ಶಬ್ದತರಂಗವು ಅಂತಹ ಕಣಗಳನ್ನು ಲೆಕ್ಕಿಸದೆ ಸಾಗಿ ಮೀನನ್ನು ತಾಗಿ ಮರಳುವುದು. ಇಂತಹ ನೀರಿನಲ್ಲಿಯೇ ಬಾಳುವ ಗಂಗಾನದಿಯ ಡಾಲ್ಫಿನ್ನಿಗೆ ಕಣ್ಣಿನಲ್ಲಿ ಮಸೂರವೇ ಇಲ್ಲ. ಸೆಕೆಂಡಿಗೆ ಸುಮಾರು 60,000 ಕಂಪನಗಳ ಚಿಟಿಕೆಯೇ ಅದರ ದೃಷ್ಟಿ. 2009ರಲ್ಲಿ ಅದನ್ನು ನಮ್ಮ ರಾಷ್ಟ್ರೀಯ ಜಲಚರವೆಂದು ಸಾರಲಾಯಿತು. 2025ರಲ್ಲಿ ಪ್ರಕಟವಾದ ಗಣತಿಯಂತೆ ಭಾರತದ ನದಿಗಳಲ್ಲಿ ಉಳಿದಿರುವ ಡಾಲ್ಫಿನ್ನುಗಳು 6,327. ಅವುಗಳಲ್ಲಿ ಮೂರನ್ನು ಬಿಟ್ಟರೆ ಉಳಿದವೆಲ್ಲವೂ ಗಂಗಾನದಿಯ ಜಾತಿಯವು. ಕಿವಿಯಿಂದ ಕಾಣುವ ಪ್ರಾಣಿಗೆ ಯಂತ್ರದೋಣಿಗಳ ಗದ್ದಲವೆಂದರೆ ನಮ್ಮ ಕಣ್ಣಿಗೆ ಕವಿದ ಹೊಗೆ ಎಂಬುದನ್ನು ಈ ಭೌತಶಾಸ್ತ್ರವೇ ತಿಳಿಸುವುದು.

ಈ ವಿದ್ಯೆಯು ಬೆಳಕಿಗೆ ಬಂದ ಬಗೆಯೂ ನಮ್ಮ ವಾದಕ್ಕೆ ಬೆಂಬಲವಾಗಿದೆ. ಸುರಪುರದಂತಹ ಊರಿನ ಹಾಳುಗೋಡೆಗಳಿಂದ ಮುಚ್ಚಂಜೆಗೆ ಹೊರಡುವ ಹುಳುತಿನ್ನುವ ಬಾವಲಿಗಳೂ ಪ್ರತಿಧ್ವನಿಯಿಂದಲೇ ದಾರಿ ಕಾಣುವುವು. 1793-94ರಲ್ಲಿ ಇಟಲಿಯ ಸ್ಪಲ್ಲಾಂಜಾನಿ ಎಂಬ ಪಂಡಿತನು, ಕಣ್ಣು ಕಳೆದುಕೊಂಡ ಬಾವಲಿ ನಿರಾತಂಕವಾಗಿ ಹಾರುವುದನ್ನೂ ಕಿವಿ ಮುಚ್ಚಿದ ಬಾವಲಿ ಎಡವುವುದನ್ನೂ ಕಂಡನು. ಅವನ ಬಳಿ ವಿದ್ಯುದ್ಯಂತ್ರಗಳಿರಲಿಲ್ಲ. ಇದ್ದುದು ಒಳ್ಳೆಯ ಪ್ರಶ್ನೆ. ಬಾವಲಿಯ ಕೇಳದ ಸದ್ದನ್ನು ಯಂತ್ರದಿಂದ ಹಿಡಿದು ತೋರಿದುದು 1938ರಲ್ಲಿ, ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಎಂಬವರು. ಡಾಲ್ಫಿನ್ನಿನ ವಿಷಯದಲ್ಲಿಯೂ ಹಾಗೆಯೇ. 1960ರ ಸುಮಾರಿಗೆ ಕೆನೆತ್ ನಾರಿಸ್ ಮತ್ತು ಸಂಗಡಿಗರು ಡಾಲ್ಫಿನ್ನಿನ ಕಣ್ಣುಗಳಿಗೆ ರಬ್ಬರಿನ ಬಟ್ಟಲುಗಳನ್ನು ಅಂಟಿಸಿ ಬಿಟ್ಟರು; ಅದು ನೀರಿನಲ್ಲಿ ತೂಗುಬಿಟ್ಟ ಕೊಳವೆಗಳ ನಡುವೆ ತಾಗದೆ ಈಜಿ ಸಂದೇಹವನ್ನು ಕಳೆಯಿತು. ಎರಡು ರಬ್ಬರ್ ಬಟ್ಟಲುಗಳ ಬೆಲೆ ಎಷ್ಟು?

ಪಠ್ಯಕ್ರಮ ಮುಗಿಸುವುದೇ ಕಷ್ಟ, ಬೆಟ್ಟಕ್ಕೆ ಹೋಗಲು ಹೊತ್ತೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಅವರ ಹೊರೆ ಹಗುರವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಒಂದು ಸಂಜೆ ತಾಳ ಹಿಡಿದು ಅಳೆದ ವಿದ್ಯಾರ್ಥಿಗೆ ವೇಗ, ಕಾಲ, ದೂರಗಳ ಸಂಬಂಧವನ್ನು ಮತ್ತೆ ವಿವರಿಸಬೇಕಾಗಿಲ್ಲ. ಅವನು ಸೂತ್ರವನ್ನು ನೆನಪಿಡುವುದಿಲ್ಲ, ಬೇಕಾದಾಗ ಕಟ್ಟಿಕೊಳ್ಳುವನು. ಪರೀಕ್ಷೆಯಲ್ಲಿ ಇಂತಹ ಪ್ರಯೋಗವನ್ನು ಕೇಳುವುದಿಲ್ಲವಲ್ಲ ಎಂಬ ಆಕ್ಷೇಪವೂ ಬಂದೀತು. ಪ್ರಶ್ನೆಯು ಹೇಗೆ ತಿರುಗಿ ಬಂದರೂ ಉತ್ತರಿಸಬಲ್ಲವನು ಅರ್ಥ ತಿಳಿದವನೇ ಹೊರತು ಬಾಯಿಪಾಠ ಮಾಡಿದವನಲ್ಲ. ಇನ್ನು ಪ್ರಯೋಗಶಾಲೆ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಪ್ರತಿಯೊಂದು ಶಾಲೆಗೂ ಬರಲೇಬೇಕು. ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲವೆಂಬುದಷ್ಟೆ ನಮ್ಮ ಮಾತು.

ಆದುದರಿಂದ ಈ ಮೂರು ಊರುಗಳ ಮತ್ತು ಸುತ್ತಣ ಹಳ್ಳಿಗಳ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಚಳಿಗಾಲದಲ್ಲಿ ಒಂದು ಮುಂಜಾನೆ, ಬೇಸಿಗೆಯಲ್ಲಿ ಒಂದು ಸಂಜೆ, ಒಂದೇ ಗುರುತಿನ ಕಲ್ಲಿನ ಬಳಿ ನಿಂತು ಐವತ್ತು ಅಂತರಗಳನ್ನು ಅಳೆಯಿರಿ. ದಿನಾಂಕ, ಉಷ್ಣತೆ, ಸೆಕೆಂಡು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿರಿ. ಮರುವರ್ಷದ ತರಗತಿಯವರು ಅದರ ಕೆಳಗೆ ತಮ್ಮ ಸಾಲನ್ನು ಬರೆಯಲಿ. ಅಂತಹ ಹಾಳೆಯೊಂದು ಗೋಡೆಯ ಮೇಲಿರುವ ತರಗತಿಯಲ್ಲಿ ಡಾಲ್ಫಿನ್ನಿನ ಪಾಠ ಬಂದಾಗ, ಅದನ್ನು ಕಂಡಿಲ್ಲವೆಂದು ಯಾರೂ ಹಾಳೆ ಮಗುಚಲಾರರು. ಅದು ನೀರಿನಲ್ಲಿ ಮಾಡುವ ಕೆಲಸವನ್ನು ತಾವು ನೆಲದ ಮೇಲೆ ಮಾಡಿ ನೋಡಿದವರೆಂಬುದು ಅವರಿಗೆ ತಿಳಿದಿರುವುದು.